ಕಂಪ್ಯೂಟರ್ ವಿದ್ಯೆ ಯಾರ ಸೊತ್ತು?

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳಲ್ಲಿ ಸರಕಾರಿ ಕಚೇರಿಗಳ ಸುತ್ತಮುತ್ತ ಇರುವ ಆನ್‌ಲೈನ್ ಅಂಗಡಿಗಳ ಮುಂದೆ ಬೆಳಿಗ್ಗೆ ಹತ್ತು ಗಂಟೆಗೆ ಕೂಡುವ ಜನರನ್ನು ನಮ್ಮನ್ನಾಳುವ ಪ್ರಭುಗಳು ಒಮ್ಮೆ ಬಂದು ನೋಡಬೇಕು. ಪಹಣಿ ಬೇಕಾದ ರೈತ, ವೃದ್ಧಾಪ್ಯ ವೇತನ ನಿಂತುಹೋದ ಮುದುಕಿ, ಜಾತಿ-ಆದಾಯದ ಪ್ರಮಾಣಪತ್ರ ಬೇಕಾದ ಕೂಲಿಯವನ ಮಗ, ನೌಕರಿಗೆ ಅರ್ಜಿ ಹಾಕಲು ಬಂದ ಪದವೀಧರೆ ಎಲ್ಲರೂ ಅಲ್ಲಿದ್ದಾರೆ. ಎಲ್ಲರ ಕೈಯಲ್ಲಿ ಕಾಗದದ ಕಟ್ಟು, ಎಲ್ಲರ ಬಾಯಲ್ಲಿ ಒಂದೇ ಮಾತು: “ಏನ್ ಬಂದದ ಸ್ವಲ್ಪ ನೋಡಿ ಹೇಳ್ರೀ ಅಣ್ಣಾರ.” ಪರದೆಯ ಮೇಲೆ ಇರುವದು ಅವರದೇ ಹೊಲ, ಅವರದೇ ಹೆಸರು, ಅವರದೇ ಹಣ. ಆದರೆ ಅದನ್ನು ಓದಿ ಹೇಳಲು ಇನ್ನೊಬ್ಬ ಬೇಕು. ಆ ಇನ್ನೊಬ್ಬ ಕೇಳಿದಷ್ಟು ಕೊಡಬೇಕು.

ಈ ಸೀಮೆಗೆ ಇದು ಹೊಸ ಅನುಭವವೇನೂ ಅಲ್ಲ. ನಿಜಾಮನ ಆಳ್ವಿಕೆಯಲ್ಲಿ ಕಚೇರಿಯ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿತ್ತು. ಉರ್ದು ಭಾಷೆಯ ತಪ್ಪು ಇದರಲ್ಲಿ ಏನೂ ಇಲ್ಲ. ಅದು ಈ ನೆಲದ ಜನರೂ ಆಡುವ ಸವಿಯಾದ ಭಾಷೆ. ತಪ್ಪು ಇದ್ದದ್ದು ರೈತನ ಭಾಷೆಯನ್ನು ಕಚೇರಿಯ ಬಾಗಿಲ ಹೊರಗೆ ನಿಲ್ಲಿಸಿದ ಆಳ್ವಿಕೆಯಲ್ಲಿ. ತನ್ನ ಹೊಲದ ದಸ್ತಾವೇಜನ್ನು ತಾನೇ ಓದಲಾರದ ಒಕ್ಕಲಿಗ ಮುನ್ಷಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವನು ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. 1948ರ ಸೆಪ್ಟೆಂಬರ್ 17ರಂದು ನಿಜಾಮಶಾಹಿ ಮುಗಿಯಿತು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನೊಳಗೆ ಬಂದೆವು. 1963ರಲ್ಲಿ ಕನ್ನಡವೇ ರಾಜ್ಯದ ಆಡಳಿತ ಭಾಷೆ ಎಂದು ಕಾಯಿದೆಯಾಯಿತು. ಮುನ್ಷಿಯ ಕಾಲ ಹೋಯಿತೆಂದು ನಮ್ಮ ಹಿರಿಯರು ನಂಬಿದರು. ಆದರೆ ವಸ್ತುಸ್ಥಿತಿ ಏನು? ಮುನ್ಷಿಯ ಚಾಪೆಯ ಜಾಗದಲ್ಲಿ ಕುರ್ಚಿ ಬಂದಿದೆ, ಲೇಖನಿಯ ಜಾಗದಲ್ಲಿ ಕೀಲಿಮಣೆ ಬಂದಿದೆ. ಹೆಬ್ಬೆಟ್ಟು ಮಾತ್ರ ಅದೇ ಹೆಬ್ಬೆಟ್ಟು. ಹಿಂದೆ ಮಸಿಗೆ ಅದ್ದುತ್ತಿದ್ದರು, ಇಂದು ಗಾಜಿನ ಮೇಲೆ ಒತ್ತಿಸುತ್ತಾರೆ.

ಅಂಗಡಿಯಲ್ಲಿ ಕೂತ ಹುಡುಗನನ್ನು ಬೈಯುವದು ನಮ್ಮ ಉದ್ದೇಶವಲ್ಲ. ಅವನೂ ಓದಿ ಕೆಲಸವಿಲ್ಲದೆ, ಸಾಲ ಮಾಡಿ ಯಂತ್ರ ತಂದವನೇ. ನಮ್ಮ ಪ್ರಶ್ನೆ ಸರಕಾರಕ್ಕೆ. ಜನರ ಎಲ್ಲ ಹಕ್ಕುಗಳನ್ನೂ ಕಂಪ್ಯೂಟರಿನೊಳಗೆ ಹಾಕಿ ಬೀಗ ಜಡಿದ ಮೇಲೆ ಆ ಬೀಗದ ಕೀಲಿಯನ್ನು ಜನರ ಕೈಗೆ ಕೊಡುವದು ಯಾರ ಹೊಣೆ?

ಅಂಕಿಗಳನ್ನು ನೋಡೋಣ. 2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಹುಟ್ಟಿತು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 51.83. ಹೆಣ್ಣುಮಕ್ಕಳಲ್ಲಿ ನೂರಕ್ಕೆ 41.38 ಮಾತ್ರ. ಅದೇ ವರ್ಷ ರಾಜ್ಯದ ಸರಾಸರಿ 75.36 ಇತ್ತು. ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನ ನಮ್ಮದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ 4.4, ಪಟ್ಟಣಗಳಲ್ಲಿ 23.4. ದೇಶದ ಹಳ್ಳಿಗಳ ಸರಾಸರಿಯೇ ಹೀಗಿರುವಾಗ ಅಕ್ಷರದಲ್ಲಿ ರಾಜ್ಯದ ಕೊನೆಯ ಸಾಲಿನಲ್ಲಿರುವ ಜಿಲ್ಲೆಯ ತಾಂಡಾ, ಹಟ್ಟಿ, ಕೇರಿಗಳ ಗತಿ ಏನೆಂಬುದನ್ನು ಓದುಗರೇ ಊಹಿಸಬಹುದು.

2018ರಲ್ಲಿ ಕೇಂದ್ರ ಸರಕಾರ ದೇಶದ ಹಿಂದುಳಿದ ಜಿಲ್ಲೆಗಳಿಗೆ “ಮಹತ್ವಾಕಾಂಕ್ಷೆಯ ಜಿಲ್ಲೆ” ಎಂಬ ಚೆಂದದ ಹೆಸರು ಕೊಟ್ಟಿತು. ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಆ ಪಟ್ಟಿ ಸೇರಿದವು. ನಮ್ಮ ಪ್ರಗತಿಯನ್ನು ದಿಲ್ಲಿಯವರು ಪರದೆಯ ಮೇಲೆ ನೋಡುತ್ತಾರೆ, ಅಂಕ ಹಾಕುತ್ತಾರೆ, ಸ್ಥಾನ ಹೇಳುತ್ತಾರೆ. ಯಾರ ಪ್ರಗತಿಯನ್ನು ಅಳೆಯಲಾಗುತ್ತಿದೆಯೋ ಆ ಜನರಿಗೆ ಮಾತ್ರ ಪರದೆ ಓದಲು ಬರುವದಿಲ್ಲ!

ಸರಕಾರ ಕಲಿಸಲೇ ಇಲ್ಲವೆಂದು ನಾವು ಹೇಳುವದಿಲ್ಲ. 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಬಂತು. ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣ ಕುಟುಂಬಗಳ ಗುರಿ. ಒಬ್ಬರಿಗೆ ಪಾಠ ಎಷ್ಟು ಹೊತ್ತು? 20 ಗಂಟೆ. ಕಲಿಸಿದ ಕೇಂದ್ರಕ್ಕೆ ತಲೆಗೆ 300 ರೂಪಾಯಿ. 2024ರ ಮಾರ್ಚ್ 31ಕ್ಕೆ ಯೋಜನೆಯೂ ಮುಗಿಯಿತು. ಪ್ರಮಾಣಪತ್ರಗಳ ಎಣಿಕೆ ಕೋಟಿಗಳಲ್ಲಿದೆ. ಕಲಿತದ್ದು ಎಷ್ಟು?

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಡೋಣ. 2012ರಲ್ಲಿ ರಾಜ್ಯ ಸರಕಾರ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿ ನಿಯಮ ತಂದಿತು. ಮುಂದೆ ಏನಾಯಿತು? ತೇರ್ಗಡೆಯ ಗಡುವನ್ನು ಒಮ್ಮೆಯಲ್ಲ, ಹಲವು ಸಲ ಮುಂದೂಡಬೇಕಾಯಿತು. ಪದವಿ ಪಡೆದ, ಸಂಬಳ ಪಡೆಯುವ, ದಿನವೂ ಯಂತ್ರದ ಮುಂದೆಯೇ ಕೂಡುವ ನೌಕರನಿಗೆ ವರ್ಷಗಟ್ಟಲೆ ಅವಕಾಶ. ಜೀವಮಾನದಲ್ಲಿ ಕೀಲಿಮಣೆ ಮುಟ್ಟದ ಕೂಲಿ ಹೆಣ್ಣುಮಗಳಿಗೆ 20 ಗಂಟೆ! ಇದಕ್ಕೆ ಶಿಕ್ಷಣ ಎನ್ನಬೇಕೋ, ಲೆಕ್ಕ ತುಂಬುವ ಕೆಲಸ ಎನ್ನಬೇಕೋ?

ಕೆಲವರು ಕೇಳಬಹುದು: ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆಯಲ್ಲ, ಕಂಪ್ಯೂಟರ್ ಏಕೆ? ಈ ಮಾತು ಕೇಳಲು ಚೆಂದ, ಒಳಗೆ ಟೊಳ್ಳು. ಮೊಬೈಲಿನಲ್ಲಿ ನೋಡಬಹುದು, ಕೇಳಬಹುದು, ಕೊಳ್ಳಬಹುದು. ಆದರೆ ಎರಡು ಪುಟದ ದೂರು ಬರೆಯುವದು, ಸಂಘದ ಲೆಕ್ಕ ಇಡುವದು, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಾರದ ರೈತರ ಪಟ್ಟಿ ಮಾಡಿ ಅಚ್ಚು ತೆಗೆಯುವದು, ಹತ್ತು ದಾಖಲೆಗಳನ್ನು ಜೋಡಿಸಿ ಕಳಿಸುವದು, ಇವು ಕೀಲಿಮಣೆಯ ಕೆಲಸ. ಕಚೇರಿ, ಬ್ಯಾಂಕು, ಸೊಸೈಟಿ, ಶಾಲೆ, ಎಲ್ಲಿ ಸಂಬಳದ ನೌಕರಿ ಇದೆಯೋ ಅಲ್ಲೆಲ್ಲ ಮೇಜಿನ ಮೇಲೆ ಇರುವದು ಕಂಪ್ಯೂಟರೇ. ಬಡವರ ಮಕ್ಕಳಿಗೆ ಮೊಬೈಲು ಸಾಕು ಎನ್ನುವವರು ತಮ್ಮ ಮಕ್ಕಳಿಗೂ ಅಷ್ಟೇ ಸಾಕು ಎಂದು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?

ಮೊಬೈಲಿನಲ್ಲಿ ಬೆಳೆದ ಹುಡುಗನಿಗೂ ಫೈಲು ಎಂದರೇನು ತಿಳಿಯದು ಎಂಬುದನ್ನು ಕಲಿಸುವವರು ಬಲ್ಲರು. ಬೆರಳಿನಿಂದ ಜಾರಿಸುವದು ಅವನಿಗೆ ಬರುತ್ತದೆ. ಬರೆದದ್ದನ್ನು ಉಳಿಸುವದು, ಉಳಿಸಿದ್ದಕ್ಕೆ ಹೆಸರಿಡುವದು, ಹೆಸರಿಟ್ಟದ್ದನ್ನು ನಾಳೆ ಹುಡುಕಿ ತೆಗೆಯುವದು ಬರುವದಿಲ್ಲ. ಆದ್ದರಿಂದ ಮೊದಲ ಪಾಠ ಕಂಪ್ಯೂಟರಿನ ಭಾಗಗಳ ಇಂಗ್ಲಿಷ್ ಹೆಸರುಗಳನ್ನು ಬಾಯಿಪಾಠ ಮಾಡಿಸುವದಾಗಬಾರದು. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಇಟ್ಟು ಮೌಸ್ ಆಡಿಸುವದೇ ಕುಡುಗೋಲು ಹಿಡಿದ ಕೈಗೆ ಒಂದೆರಡು ದಿನದ ಕೆಲಸ. ಆಮೇಲೆ ತನ್ನ ಹೆಸರು, ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲಿ. ಉಳಿಸಲಿ. ಯಂತ್ರ ಆರಿಸಿ, ಮತ್ತೆ ಹಚ್ಚಿ, ತಾನು ಬರೆದದ್ದನ್ನು ತಾನೇ ತೆಗೆದು ನೋಡಲಿ. ಅಂದು ಆ ಮನುಷ್ಯನ ಅಂಜಿಕೆ ಅರ್ಧ ಹೋಗುತ್ತದೆ. ಆಮೇಲೆ ಅರ್ಜಿ, ಆಮೇಲೆ ಲೆಕ್ಕದ ಪಟ್ಟಿ, ಆಮೇಲೆ ತನ್ನದೇ ಪಹಣಿ ತೆಗೆದು ಹಿಸ್ಸೆ, ಬೆಳೆ, ಸಾಲದ ಕಾಲಂ ಓದುವದು. ಗುಪ್ತಪದವನ್ನು ಅಂಗಡಿಯವನ ವಹಿಯಲ್ಲಿ ಬರೆಸದೆ ತಾನೇ ಇಟ್ಟುಕೊಳ್ಳುವದು, ಓಟಿಪಿ ಯಾರಿಗೂ ಹೇಳದಿರುವದು. ಇದೆಲ್ಲ 20 ಗಂಟೆಯಲ್ಲಿ ಆಗುವ ಮಾತಲ್ಲ. ದಿನಕ್ಕೆ ಎರಡು ಗಂಟೆಯಂತೆ ಐವತ್ತು ದಿನವಾದರೂ ಬೇಕು.

ಇನ್ನೊಂದು ಆಕ್ಷೇಪ ನಮ್ಮ ಸಂಗಾತಿಗಳಿಂದಲೇ ಬರುತ್ತದೆ: ಹೊಟ್ಟೆಗೆ ಜೋಳದ ರೊಟ್ಟಿ ಇಲ್ಲದವನಿಗೆ ಕಂಪ್ಯೂಟರ್ ಏಕೆ? ಯಂತ್ರ ಕೆಲಸ ಕಸಿಯುತ್ತದೆಂದು 1960ರ ದಶಕದಲ್ಲಿ ಕಲಕತ್ತೆಯ ಜೀವವಿಮಾ ನೌಕರರು ಕಂಪ್ಯೂಟರನ್ನೇ ವಿರೋಧಿಸಿ ಹೋರಾಡಲಿಲ್ಲವೇ? ಹೋರಾಡಿದರು. ತಮ್ಮ ಅನ್ನ ಉಳಿಸಿಕೊಳ್ಳುವ ಅವರ ಹೋರಾಟ ನ್ಯಾಯದ್ದೇ ಆಗಿತ್ತು. ಆದರೆ ಅಂದು ಯಂತ್ರ ಬರಬೇಕೋ ಬೇಡವೋ ಎಂಬುದು ಪ್ರಶ್ನೆ. ಇಂದು ಯಂತ್ರ ಬಂದು ನಮ್ಮ ಪಡಿತರ ಚೀಟಿಯೊಳಗೆ, ಪಹಣಿಯೊಳಗೆ, ಕೂಲಿಯ ಹಾಜರಿಯೊಳಗೆ ಕೂತಾಗಿದೆ. 2023ರ ಜನವರಿಯಿಂದ ಉದ್ಯೋಗ ಖಾತರಿ ಕೆಲಸದಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದು ಹಾಜರಿ ಹಾಕುವದನ್ನು ಎಲ್ಲೆಡೆ ಕಡ್ಡಾಯ ಮಾಡಿದಾಗ, ಮಣ್ಣು ಹೊತ್ತವಳ ದುಡಿಮೆಗೆ ಸಾಕ್ಷಿ ಅವಳ ಬೆವರಲ್ಲ, ಆ ಫೋಟೋ ಎಂದಾಯಿತು. ರೊಟ್ಟಿಯ ದಾರಿಯೇ ಪರದೆಯ ಮೂಲಕ ಹಾಯುವಾಗ ಮೊದಲು ರೊಟ್ಟಿ, ಆಮೇಲೆ ಪರದೆ ಎನ್ನುವದರಲ್ಲಿ ಅರ್ಥವಿಲ್ಲ.

1951ರ ಕಾಗೋಡು ಸತ್ಯಾಗ್ರಹವನ್ನು ನೆನೆಯೋಣ. ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತದ್ದು ಯಾವ ಮಾತಿನ ಮೇಲೆ? ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ. ಧಣಿಯ ಕೊಳಗ ದೊಡ್ಡದು. ಅಳೆಯುವವನು ಅವನೇ, ಲೆಕ್ಕ ಬರೆಯುವವನೂ ಅವನೇ. ನ್ಯಾಯದ ಅಳತೆ ಕೊಡಿ ಎಂದು ರೈತ ಕೇಳಿದ. ಅಲ್ಲಿಂದ ಹೊತ್ತಿದ ಕಿಡಿ ಉಳುವವನಿಗೆ ಭೂಮಿ ಎಂಬ ಕೂಗಾಯಿತು. ಇಂದಿನ ಕೊಳಗ ಕಂಪ್ಯೂಟರ್. ಅದನ್ನು ಒಡೆದು ಹಾಕಿ ಎಂದು ಕಾಗೋಡಿನ ರೈತ ಹೇಳಲಿಲ್ಲ, ನಾವೂ ಹೇಳುವದಿಲ್ಲ. ಅಳತೆಯ ಗುಟ್ಟು ನಮಗೂ ತಿಳಿಯಬೇಕು ಎನ್ನುತ್ತೇವೆ.

ಭೂಮಿ ಯೋಜನೆಯ ಒಳ್ಳೆಯದನ್ನು ಒಪ್ಪುತ್ತೇವೆ. 2002ರ ಹೊತ್ತಿಗೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅಂದು 15 ರೂಪಾಯಿಗೆ ಪಹಣಿ ಸಿಕ್ಕಿತು. ಗ್ರಾಮಲೆಕ್ಕಿಗನ ಮನೆಯ ಬಾಗಿಲು ಕಾಯುವ ಕಷ್ಟ ಕಡಿಮೆಯಾಯಿತು. ಆದರೆ ದಾಖಲೆ ಕಂಪ್ಯೂಟರಿಗೆ ಬಂದಷ್ಟು ವೇಗದಲ್ಲಿ ವಿದ್ಯೆ ಜನರಿಗೆ ಬರಲಿಲ್ಲ. ಒಬ್ಬ ದಲ್ಲಾಳಿ ಹೋದ ಜಾಗಕ್ಕೆ ಇನ್ನೊಬ್ಬ ಬಂದ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಪಕ್ಕದ ಕೇರಳ 2001ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣದ ಯೋಜನೆ ಆರಂಭಿಸಿ ತನ್ನ ಶಾಲಾ ಮಾಸ್ತರರಿಗೇ ತರಬೇತಿ ಕೊಟ್ಟಿತು. ಮುಂದೆ ಕಂಪನಿಗಳ ದುಬಾರಿ ತಂತ್ರಾಂಶ ಬಿಟ್ಟು ಮುಕ್ತ ತಂತ್ರಾಂಶ ಹಿಡಿಯಿತು, ಮಲಯಾಳದಲ್ಲಿ ಪಾಠ ಮಾಡಿತು. 2002ರಲ್ಲಿ, ಹಿಂದುಳಿದ ಜಿಲ್ಲೆ ಎನಿಸಿದ್ದ ಮಲಪ್ಪುರಂನಲ್ಲಿ ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸುವ ಅಕ್ಷಯ ಯೋಜನೆಯನ್ನೂ ಆರಂಭಿಸಿತು. ಸರಿಸುಮಾರು ಅದೇ ಕಾಲಕ್ಕೆ ನಮ್ಮ ರಾಜ್ಯ ಮಾಹಿತಿ ಸಿಂಧು ಎಂದು ಹೆಸರಿಟ್ಟು ಸಾವಿರ ಸರಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಪಾಠವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆಯ ವಿದ್ಯೆಯ ಗುಣ ಎಲ್ಲರಿಗೂ ಗೊತ್ತು: ಗುತ್ತಿಗೆ ಮುಗಿದ ದಿನ ಕಲಿಸುವವನು ಹೋಗುತ್ತಾನೆ, ಯಂತ್ರದ ಮೇಲೆ ಧೂಳು ಕೂಡುತ್ತದೆ. ಮಾಸ್ತರನಿಗೆ ಕಲಿಸಿದ ವಿದ್ಯೆ ಊರಲ್ಲೇ ಉಳಿಯುತ್ತದೆ.

ಭಾಷೆಯ ನೆಪವನ್ನೂ ಇನ್ನು ಯಾರೂ ಹೇಳಬಾರದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂದು ಎರಡು ದಶಕ ದಾಟಿವೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳ ಅದೇ ಮಣೆಯ ಮೇಲೆ ಕನ್ನಡ ಬರೆಯಬಹುದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡ ಲಿಪಿ ಇತ್ತು. ಹಣ ಕೊಡಬೇಕಿಲ್ಲದ ಲಿಬ್ರೆ ಆಫೀಸ್ ಕನ್ನಡದ ಪರದೆಯೊಂದಿಗೇ ಸಿಗುತ್ತದೆ. ಇಷ್ಟಿದ್ದೂ ಕಂಪ್ಯೂಟರ್ ಎಂದರೆ ಇಂಗ್ಲಿಷ್ ಎಂಬ ಅಂಜಿಕೆಯನ್ನು ಬಡವರ ಎದೆಯಲ್ಲಿ ಉಳಿಸಿದರೆ ಯಾರಿಗೆ ಲಾಭ? ಇಂಗ್ಲಿಷ್ ಎಂಬುದು ಕೆಲವರ ಕೈಯಲ್ಲಿ ಅಧಿಕಾರ ಉಳಿಸುವ ಬೇಲಿ ಎಂದು ಲೋಹಿಯಾ ಎಚ್ಚರಿಸಿದ್ದು ಇಂಥ ದಿನಗಳಿಗೇ.

ಹಣವಿಲ್ಲವೆಂಬ ಮಾತೂ ನಡೆಯದು. 371(ಜೆ) ಕಲಮಿನಿಂದ ಈ ಭಾಗದ ಮಕ್ಕಳಿಗೆ ಸ್ಥಳೀಯ ಹುದ್ದೆಗಳಲ್ಲಿ ‘ಸಿ’ ಗುಂಪಿನಲ್ಲಿ ನೂರಕ್ಕೆ 80, ‘ಡಿ’ ಗುಂಪಿನಲ್ಲಿ ನೂರಕ್ಕೆ 85 ಮೀಸಲಾಗಿವೆ. ಆದರೆ ಅರ್ಜಿ ಹಾಕುವದೂ ಕಂಪ್ಯೂಟರಿನಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಪರೀಕ್ಷೆಯೂ ಕಂಪ್ಯೂಟರಿನದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಲ್ಲಿ 5000 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಕೋಟಿಗಳಲ್ಲಿ ಹಳ್ಳಿಯ ಹುಡುಗಿಗೆ ಕೀಲಿಮಣೆ ಕಲಿಸುವ ಒಬ್ಬ ಮಾಸ್ತರನ ಸಂಬಳ ಹುಟ್ಟುವದಿಲ್ಲವೇ?

ಆದ್ದರಿಂದ ನಾವು ಈ ಕೆಳಗಿನ ಬೇಡಿಕೆಗಳನ್ನು ಮುಂದಿಡುತ್ತೇವೆ.

ಒಂದು, ಜಿಲ್ಲೆಯ ಪ್ರತಿಯೊಂದು ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ನಡೆಯುವ ಸ್ಥಿತಿಯ ಕಂಪ್ಯೂಟರುಗಳು, ಕರೆಂಟು ಹೋದಾಗ ನಿಲ್ಲದ ಬ್ಯಾಟರಿ, ಮತ್ತು ಕಾಯಂ ಸಂಬಳದ ಒಬ್ಬ ಕಲಿಸುವವರು ಇರಬೇಕು. ಕೂಲಿಗೆ ಹೋಗುವವರಿಗಾಗಿ ಸಂಜೆಯ ಪಾಠ, ಹೆಣ್ಣುಮಕ್ಕಳಿಗೆ ಅವರು ಹೇಳಿದ ಹೊತ್ತಿನಲ್ಲಿ ಪಾಠ ನಡೆಯಬೇಕು.

ಎರಡು, 20 ಗಂಟೆಯ ನಾಟಕ ಸಾಕು. 100 ಗಂಟೆಯ ಪಾಠ, ಕನ್ನಡದ ಪುಸ್ತಕ, ಕನ್ನಡದ ಪರದೆ ಕೊಡಬೇಕು. ಪರೀಕ್ಷೆ ಎಂದರೆ ತನ್ನ ಅರ್ಜಿಯನ್ನು ತಾನೇ ತುಂಬಿ ಕಳಿಸಿ ತೋರಿಸುವದು.

ಮೂರು, ಸರಕಾರದ ಪ್ರತಿಯೊಂದು ಅರ್ಜಿಯೂ ಪರದೆಯ ಮೇಲೆ ಮೊದಲು ಕನ್ನಡದಲ್ಲಿ ತೆರೆಯಬೇಕು.

ನಾಲ್ಕು, ಕಲಿಕೆ ಎಲ್ಲರಿಗೂ ಮುಟ್ಟುವ ತನಕ ಕಾಗದದ ಅರ್ಜಿಯನ್ನು ಕಚೇರಿಯಲ್ಲಿ ಪಡೆದು ಸ್ವೀಕೃತಿ ಕೊಡಬೇಕು. ಯಂತ್ರ ಒಪ್ಪಲಿಲ್ಲವೆಂದು ಯಾರ ಪಡಿತರ, ಕೂಲಿ, ವೇತನವೂ ನಿಲ್ಲಕೂಡದು.

ಐದು, ಸರಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಹೊಣೆಯನ್ನು ಗುತ್ತಿಗೆಗೆ ಕೊಡದೆ ಶಾಲೆಯ ಮಾಸ್ತರರಿಗೇ ವಹಿಸಿ, ಅವರಿಗೆ ತರಬೇತಿ ಮತ್ತು ಹೊತ್ತು ಎರಡನ್ನೂ ಕೊಡಬೇಕು.

ಇವು ಯಾರೋ ಕೊಡುವ ಭಿಕ್ಷೆಯಲ್ಲ. 1965ರ ಗ್ರಂಥಾಲಯ ಕಾಯಿದೆ ಆಸ್ತಿ ತೆರಿಗೆಯ ಮೇಲೆ ಕರ ಹಾಕಿದ್ದು ಓದುವ ಮನೆ ಎಲ್ಲರದಾಗಲಿ ಎಂದೇ. ಇಂದಿನ ಓದುವ ಮನೆಯಲ್ಲಿ ಪುಸ್ತಕದ ಪಕ್ಕದಲ್ಲಿ ಕಂಪ್ಯೂಟರ್ ಇರಬೇಕು, ಅದರ ಪಕ್ಕದಲ್ಲಿ ಕಲಿಸುವ ಮನುಷ್ಯ ಇರಬೇಕು.

ಹಾಗೆಂದು ಸರಕಾರ ಕೊಡುವ ತನಕ ಕೈಕಟ್ಟಿ ಕೂಡುವದೂ ಸಲ್ಲದು. ಸಲಿಕೆ, ಓಟು, ಜೈಲು ಈ ಮೂರೂ ಸಮಾಜವಾದಿಯ ಹತಾರಗಳೆಂದು ಲೋಹಿಯಾ ಹೇಳುತ್ತಿದ್ದರು. ಸಲಿಕೆಯ ಕೆಲಸ ಇಂದೇ ಆರಂಭವಾಗಬಹುದು. ಹುಣಸಗಿ, ವಡಗೇರಾ, ಗುರುಮಠಕಲ್ ಕಡೆಯ ಓದಿದ ತರುಣ ತರುಣಿಯರೇ, ನಿಮ್ಮಲ್ಲಿ ಒಬ್ಬೊಬ್ಬರು ನಿಮ್ಮ ಓಣಿಯ ಐದು ಜನರಿಗೆ ಕಲಿಸಿರಿ. ಆ ಐದು ಜನರನ್ನು ಕರೆದುಕೊಂಡು ಪಂಚಾಯತಿಗೆ ಹೋಗಿ ಅರಿವು ಕೇಂದ್ರದ ಬಾಗಿಲು ತೆರೆಸಿರಿ. ಬೀಗ ಹಾಕಿಟ್ಟ ಕಂಪ್ಯೂಟರ್ ಎಷ್ಟಿವೆ, ನಡೆಯುವವು ಎಷ್ಟಿವೆ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ. ಆ ನಡಾವಳಿಯನ್ನು ನೀವೇ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಅಚ್ಚು ಮಾಡಿ ಊರ ಕಟ್ಟೆಗೆ ಹಚ್ಚಿರಿ.