ಎಣ್ಣೆಯ ಹೆಸರು, ಎಣ್ಣೆಯ ಗುಣ

ಅಂಗಡಿಯಲ್ಲಿ ಎಣ್ಣೆ ಕೊಳ್ಳುವಾಗ ನಾವು ಮೊದಲು ಕೇಳುವುದು ಅದರ ಹೆಸರನ್ನು, ಅನಂತರ ಬೆಲೆಯನ್ನು. ಕಡಲೆಕಾಯಿ, ಕೊಬ್ಬರಿ, ಕುಸುಬೆ, ಸೂರ್ಯಕಾಂತಿ ಎಂಬ ಹೆಸರುಗಳು ಎಣ್ಣೆ ಯಾವ ಗಿಡದಿಂದ ಬಂದಿತೆಂಬುದನ್ನು ತಿಳಿಸುತ್ತವೆಯೇ ಹೊರತು ಅದರಲ್ಲಿ ಏನಿದೆಯೆಂಬುದನ್ನು ತಿಳಿಸುವುದಿಲ್ಲ. ಸೀಸೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ‘ಕೊಲೆಸ್ಟರಾಲ್ ಇಲ್ಲ’ ಎಂಬ ಘೋಷಣೆಯಿಂದಲೂ ಹೆಚ್ಚೇನೂ ತಿಳಿಯದು. ಕೊಲೆಸ್ಟರಾಲ್ ಪ್ರಾಣಿಜನ್ಯ ಆಹಾರಗಳಲ್ಲಿರುವ ವಸ್ತು. ಸಸ್ಯಗಳ ಎಣ್ಣೆಯಲ್ಲಿ ಅದು ಗಣನೆಗೆ ಬಾರದಷ್ಟು ಅಲ್ಪ. ಎಲ್ಲ ಸಸ್ಯತೈಲಗಳಿಗೂ ಸಮಾನವಾಗಿ ಸಲ್ಲುವ ಮಾತನ್ನು ಒಂದೇ ಎಣ್ಣೆಯ ಹಿರಿಮೆಯೆಂದು ಸಾರಿದರೆ ಗ್ರಾಹಕನಿಗೇನು ಪ್ರಯೋಜನ? ಸೀಸೆಯ ಮೇಲೆ ಮುಖ್ಯವಾಗಿ ಅಚ್ಚಾಗಬೇಕಾದುದು ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳ ಪಟ್ಟಿ ಎಂಬುದು ನನ್ನ ಅಭಿಪ್ರಾಯ.

ಎಣ್ಣೆ, ತುಪ್ಪ, ಕೊಬ್ಬು ಇವೆಲ್ಲವೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಕುಲಕ್ಕೆ ಸೇರಿದವು. ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಜೋಡಿಕೊಂಡಿರುವುದೇ ಇವುಗಳ ರಚನೆ. ಫ್ರಾನ್ಸಿನ ಮಿಷೆಲ್ ಷೆವ್ರೆಲ್ ಎಂಬ ವಿಜ್ಞಾನಿ ಇದನ್ನು ಬಹುಮಟ್ಟಿಗೆ ಬಿಡಿಸಿ, 1823ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಗ್ಲಿಸರಾಲ್ ಎಲ್ಲೆಡೆಯೂ ಒಂದೇ ಆದಕಾರಣ, ಎಣ್ಣೆ ಎಣ್ಣೆಗಳ ನಡುವಣ ಮುಖ್ಯ ಭೇದವೆಲ್ಲ ಆಮ್ಲಗಳದು.

ಆ ಭೇದ ಎಷ್ಟು ಸೂಕ್ಷ್ಮವಾದುದೆಂಬುದನ್ನು ನೋಡಿರಿ. ಸ್ಟಿಯರಿಕ್ ಆಮ್ಲದಲ್ಲಿಯೂ ಓಲಿಯಿಕ್ ಆಮ್ಲದಲ್ಲಿಯೂ 18 ಇಂಗಾಲದ ಪರಮಾಣುಗಳ ಸರಪಳಿಯಿದೆ. ಮೊದಲನೆಯದರಲ್ಲಿ ಸರಪಳಿಯು ಹಿಡಿಯಬಲ್ಲಷ್ಟು ಜಲಜನಕವೆಲ್ಲ ತುಂಬಿದೆ. ಆದುದರಿಂದ ಅದು ಪರ್ಯಾಪ್ತ. ಎರಡನೆಯದರಲ್ಲಿ ಎರಡು ಜಲಜನಕ ಪರಮಾಣುಗಳು ಕಡಮೆ. ಅಲ್ಲಿ ಒಂದು ದ್ವಿಬಂಧವೇರ್ಪಟ್ಟು ಸರಪಳಿಯು ಮೊಣಕೈಯಂತೆ ಬಾಗಿದೆ. ಇದು ಅಪರ್ಯಾಪ್ತ. ನೇರವಾದ ಸರಪಳಿಗಳು ಸೌದೆಯ ಹೊರೆಯಂತೆ ಒತ್ತಾಗಿ ಕೂಡುತ್ತವೆ. ಬಾಗಿದವು ಹಾಗೆ ಕೂಡಲಾರವು. ಆದಕಾರಣವೇ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಓಲಿಯಿಕ್ ಆಮ್ಲಕ್ಕೆ 13 ಡಿಗ್ರಿ ಸಾಕು. ಲಿನೊಲಿಯಿಕ್ ಆಮ್ಲದಲ್ಲಿ ಇಂತಹ ದ್ವಿಬಂಧಗಳು ಎರಡು. ಲಿನೊಲೆನಿಕ್ ಆಮ್ಲದಲ್ಲಿ ಮೂರು. ಈ ಎರಡನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು.

ಈಗ ನಮ್ಮ ನಾಡಿನ ಎಣ್ಣೆಗಳನ್ನು ಪರೀಕ್ಷಿಸೋಣ. ಕರಾವಳಿಯವರ ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಪರ್ಯಾಪ್ತ ಆಮ್ಲಗಳು. ಇಡೀ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲವೊಂದೇ. ಕಡಲೆಕಾಯಿ ಎಣ್ಣೆಯಲ್ಲಿ ಪರ್ಯಾಪ್ತವು ಐದರಲ್ಲೊಂದು ಪಾಲು. ಉಳಿದುದರಲ್ಲಿ ಸಾಮಾನ್ಯವಾಗಿ ಓಲಿಯಿಕ್ಕೇ ಅಧಿಕ. ವಿಜಯಪುರ, ಕಲಬುರಗಿಗಳ ಕರಿಮಣ್ಣಿನಲ್ಲಿ ಬೆಳೆಯುವ ಕುಸುಬೆಯ ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಲಿನೊಲಿಯಿಕ್. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಲಿನೊಲೆನಿಕ್. ಸೂರ್ಯಕಾಂತಿಯ ವಿಷಯವಂತೂ ವಿಚಿತ್ರ. ಸಾಧಾರಣ ತಳಿಯ ಎಣ್ಣೆಯಲ್ಲಿ ಲಿನೊಲಿಯಿಕ್ ಪ್ರಧಾನವಾದರೆ, ಹೊಸದಾಗಿ ರೂಪಿಸಿದ ಕೆಲವು ತಳಿಗಳಲ್ಲಿ ನೂರಕ್ಕೆ 80ರಷ್ಟು ಓಲಿಯಿಕ್. ಹೂವು ಒಂದೇ, ಹೆಸರು ಒಂದೇ. ಎಣ್ಣೆ ಮಾತ್ರ ಎರಡು!

‘ಗಟ್ಟಿಯಾದುದು ಕೆಟ್ಟದು, ತೆಳುವಾದುದು ಒಳ್ಳೆಯದು’ ಎಂಬ ಸುಲಭಸೂತ್ರವೂ ನಿಲ್ಲುವುದಿಲ್ಲ. ಉತ್ತರ ಕನ್ನಡದ ಮುರುಗಲ ತುಪ್ಪದಲ್ಲಿ ಪರ್ಯಾಪ್ತ ಆಮ್ಲಗಳು 60ರಷ್ಟು ಮಾತ್ರ; ಆದರೂ ಅದು ಸುಮಾರು 40 ಡಿಗ್ರಿಯವರೆಗೆ ಗಟ್ಟಿಯಾಗಿಯೇ ಇರುತ್ತದೆ. 90ರಷ್ಟು ಪರ್ಯಾಪ್ತವಿರುವ ಕೊಬ್ಬರಿ ಎಣ್ಣೆ, ಸರಪಳಿಗಳು ಗಿಡ್ಡವಾಗಿರುವುದರಿಂದ, 24 ಡಿಗ್ರಿಯಲ್ಲಿಯೇ ಕರಗುತ್ತದೆ. ಮುರುಗಲ ತುಪ್ಪದಲ್ಲಿ ಹೆಚ್ಚಾಗಿರುವ ಸ್ಟಿಯರಿಕ್ ಆಮ್ಲವು, ತಾಳೆ ಎಣ್ಣೆಯ ಪಾಮಿಟಿಕ್ ಆಮ್ಲದಂತೆ ರಕ್ತದ ಕೊಲೆಸ್ಟರಾಲನ್ನು ಏರಿಸುವುದಿಲ್ಲ. ಆದುದರಿಂದ ಪರ್ಯಾಪ್ತ ಎಷ್ಟು ಎಂದಷ್ಟೇ ಹೇಳಿದರೆ ಸಾಲದು. ಯಾವ ಆಮ್ಲ ಎಷ್ಟು ಎಂಬುದನ್ನೂ ಹೇಳಬೇಕು.

ಹೆಸರನ್ನು ನಂಬಿ ಕೆಟ್ಟುದಕ್ಕೆ ವನಸ್ಪತಿಯೇ ಸಾಕ್ಷಿ. ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಯಾಗಿಸುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದನು. ಜಲಜನಕವನ್ನು ಅರೆಬರೆಯಾಗಿ ಸೇರಿಸಿದಾಗ ಕೆಲವು ಸರಪಳಿಗಳು ದ್ವಿಬಂಧವನ್ನು ಉಳಿಸಿಕೊಂಡೇ ನೆಟ್ಟಗಾಗುತ್ತವೆ. ಇವೇ ಟ್ರಾನ್ಸ್ ಆಮ್ಲಗಳು. ಓಲಿಯಿಕ್ ಆಮ್ಲದ ಪರಮಾಣುಗಳೇ ಇರುವ ಇಂತಹ ಇಲೈಡಿಕ್ ಆಮ್ಲ ಕರಗುವುದು ಸುಮಾರು 44 ಡಿಗ್ರಿಯಲ್ಲಿ. 1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ ಎಂಬವರು, ಟ್ರಾನ್ಸ್ ಆಮ್ಲಗಳು ರಕ್ತನಾಳಗಳಿಗೆ ಹಾನಿಕರವಾದ ಎಲ್‌ಡಿಎಲ್ ಕೊಲೆಸ್ಟರಾಲನ್ನು ಏರಿಸಿ, ಎಚ್‌ಡಿಎಲ್ ಅನ್ನು ಇಳಿಸುತ್ತವೆಂದು ತೋರಿಸಿದರು. ಅಷ್ಟು ಹೊತ್ತಿಗೆ ವನಸ್ಪತಿಯು ಭಾರತದ ಅಡಿಗೆಮನೆಗಳನ್ನು ಹೊಕ್ಕು ಅರ್ಧ ಶತಮಾನವಾಗಿತ್ತು. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಆಮ್ಲಗಳು ನೂರಕ್ಕೆ 2 ಪಾಲನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದುದು 2022ರ ಜನವರಿಯಲ್ಲಿ. ‘ವನಸ್ಪತಿ’ ಎಂಬ ಹೆಸರು ಸುಳ್ಳಾಗಿರಲಿಲ್ಲ; ಅದು ಸಸ್ಯದ ಎಣ್ಣೆಯಿಂದಲೇ ತಯಾರಾದುದು. ಆದರೆ ಆ ಸತ್ಯದಿಂದ ಯಾರ ಹೃದಯಕ್ಕೂ ರಕ್ಷಣೆ ದೊರೆಯಲಿಲ್ಲ.

ಇಷ್ಟು ಕಠಿಣವಾದ ಹೆಸರುಗಳು ಸಾಮಾನ್ಯ ಗ್ರಾಹಕನಿಗೆ ತಿಳಿಯುವುವೆ ಎಂದು ಕೆಲವರು ಕೇಳಬಹುದು. ರಕ್ತಪರೀಕ್ಷೆಯ ವರದಿಯನ್ನು ಓದಲು ಜನ ಕಲಿತಿಲ್ಲವೆ? ಇದನ್ನೂ ಕಲಿತಾರು. ಕಲಿಸಬೇಕಾದವರು ಮನೆಯಲ್ಲಿರುವ ವಿದ್ಯಾರ್ಥಿಗಳು. ಅನೇಕ ಪೊಟ್ಟಣಗಳ ಹಿಂಬದಿಯಲ್ಲಿ ಪರ್ಯಾಪ್ತ, ಅಪರ್ಯಾಪ್ತಗಳ ಪ್ರಮಾಣವು ಸಣ್ಣ ಅಕ್ಷರಗಳಲ್ಲಿ ಈಗಲೂ ಅಚ್ಚಾಗಿರುತ್ತದೆ. ಅದನ್ನು ಓದಿ ಹಿರಿಯರಿಗೆ ವಿವರಿಸಿರಿ. ದ್ವಿಬಂಧಗಳು ಹೆಚ್ಚಿರುವ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಗಾಳಿಯ ಆಮ್ಲಜನಕದೊಡನೆ ಬೇಗನೆ ಬೆರೆತು ಕೆಡುತ್ತದೆಂದೂ, ಒಗ್ಗರಣೆಗೆ ಒಪ್ಪಿದ ಎಣ್ಣೆ ಕರಿಯುವುದಕ್ಕೆ ಒಪ್ಪಲೇಬೇಕೆಂದಿಲ್ಲವೆಂದೂ, ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕಿಲೊಕ್ಯಾಲರಿ ಕೊಡುವುದರಿಂದ ಮಿತಿ ಎಲ್ಲಕ್ಕೂ ಅಗತ್ಯವೆಂದೂ ತಿಳಿಸಿರಿ. ಕೊಳ್ಳುವವರು ಆಮ್ಲಗಳ ಲೆಕ್ಕವನ್ನು ಕೇಳತೊಡಗಿದರೆ, ಮಾರುವವರು ಅದನ್ನು ಮುಂಬದಿಯಲ್ಲಿಯೇ ಅಚ್ಚುಹಾಕಿಸಬೇಕಾದೀತು.