ಹಕ್ಕಿಗೆ ಹಣ್ಣು, ಗುಡ್ಡಕ್ಕೆ ಬೀಜ

ಹಿತ್ತಲಿಗೆ ಹಕ್ಕಿ ಬರಬೇಕಾದರೆ ಯಾವ ಹಣ್ಣಿನ ಗಿಡ ನೆಡಬೇಕು ಎಂದು ಕೇಳಿದರೆ ಹಕ್ಕಿಗೆ ಇಷ್ಟವಾದದ್ದನ್ನು ನೆಡಿ ಎಂಬ ಉತ್ತರ ಕೂಡಲೇ ಸಿಗುತ್ತದೆ. ಇದು ಅರ್ಧ ಉತ್ತರ. ಪಿಕಳಾರ, ಗೊರವಂಕ, ಕೋಗಿಲೆ, ಕುಟ್ರುಹಕ್ಕಿಗಳು ಹಣ್ಣನ್ನು ನುಂಗಿ ಹಾರಿಹೋಗುತ್ತವೆ; ತಿರುಳು ಅರಗಿದ ಮೇಲೆ ಬೀಜವನ್ನು ಹಿಕ್ಕೆಯ ಜೊತೆಗೋ ಕಕ್ಕಿಯೋ ಹೊರಹಾಕುತ್ತವೆ. ಬೀಜ ಬೀಳುವುದು ಅವು ಕೂತ ಬೇಲಿಯ ಬುಡದಲ್ಲಿ, ತಂತಿಯ ಕೆಳಗೆ, ಗುಡ್ಡದ ಪೊದೆಯಲ್ಲಿ. ಹಾಗಾಗಿ ಹಕ್ಕಿಗಾಗಿ ಗಿಡ ನೆಡುವವರು ತಮ್ಮ ಹಿತ್ತಲಿಗಷ್ಟೇ ಗಿಡ ಆರಿಸುತ್ತಿಲ್ಲ, ಸುತ್ತಲಿನ ಹೊಲ-ಗುಡ್ಡಗಳಿಗೂ ಆರಿಸುತ್ತಿದ್ದಾರೆ. ಹಕ್ಕಿ ತಿನ್ನುತ್ತದೆಯೇ ಎಂದು ನೋಡಿದರೆ ಸಾಲದು. ಹಕ್ಕಿ ಬಿತ್ತಿದ ಸಸಿ ಊರಿಗೆ ಬೇಕಾದದ್ದೇ ಎಂದೂ ಕೇಳಬೇಕು. ಗಿಡದ ಆಯ್ಕೆಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯ ಅಳತೆಗೋಲು ಎಂಬುದು ನನ್ನ ವಾದ.

ನವಿಲುತೀರ್ಥದ ಸುತ್ತಲಿನ ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು ಸೀಮೆಯನ್ನು ಎದುರಿಗಿಟ್ಟುಕೊಂಡು ಇದನ್ನು ಯೋಚಿಸಬಹುದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಕಲ್ಲುಗುಡ್ಡಗಳ ನಡುವಿನ ಕಣಿವೆಯಲ್ಲಿ ನುಗ್ಗುತ್ತಾಳೆ. ಅಲ್ಲೇ ಅಣೆಕಟ್ಟು, ಹಿಂದೆ ರೇಣುಕಾಸಾಗರ. ಕಾಲುವೆ ನೀರು ಬಂದಲ್ಲಿ ಕಬ್ಬು, ಗೋವಿನಜೋಳ. ಬಾರದಲ್ಲಿ ಎರಿ ಹೊಲದ ಹಿಂಗಾರಿ ಜೋಳ, ಕಡಲೆ. ಹಣ್ಣುಬಾಕ ಹಕ್ಕಿಗಳಿಗೆ ಇಲ್ಲಿ ಸುಗ್ಗಿಯೆಂದರೆ ಬೇಸಿಗೆಯ ಕೊನೆ ಮತ್ತು ಮುಂಗಾರಿನ ಆರಂಭ. ಕವಳಿ, ಚಳ್ಳೆ, ನೇರಳೆ, ಬೇವು ಒಂದರ ಹಿಂದೆ ಒಂದು ಹಣ್ಣಾಗುತ್ತವೆ. ಮಳೆಗಾಲದಲ್ಲಿ ಹಿತ್ತಲ ಕರಿಬೇವಿನ ಕಪ್ಪು ಹಣ್ಣೂ ಸೇರುತ್ತದೆ. ಶೀಗಿ ಹುಣ್ಣಿಮೆಯಿಂದ ಎಳ್ಳಮಾಸಿವರೆಗಿನ ಎರಡೂವರೆ ತಿಂಗಳ ಲೆಕ್ಕವೇ ಬೇರೆ. ಬೇವು, ನೇರಳೆ ಮುಗಿದಿರುತ್ತವೆ, ಹಿಂಗಾರಿ ಜೋಳ ಇನ್ನೂ ಕಾಳು ಕಟ್ಟಿರುವುದಿಲ್ಲ, ಮಳೆ ನಿಂತು ಹುಳಹುಪ್ಪಟೆ ಕಡಿಮೆಯಾಗುತ್ತ ಬರುತ್ತವೆ. ಮಧ್ಯ ಏಷ್ಯಾದಲ್ಲಿ ಮರಿಮಾಡಿದ ಗುಲಾಬಿ ಕಬ್ಬಕ್ಕಿಗಳ ಹಿಂಡುಗಳೂ ಅಷ್ಟರಲ್ಲಿ ಬಂದಿಳಿದಿರುತ್ತವೆ. ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎರಡು ದೊಡ್ಡ ಹಬ್ಬಗಳು ಇದೇ ಅವಧಿಯ ಎರಡು ತುದಿಗಳಲ್ಲಿ ಬರುತ್ತವೆ. ಭೂತಾಯಿಗೆಂದು ಚೆಲ್ಲಿದ್ದನ್ನು ಹಕ್ಕಿಗಳೂ ಆರಿಸುತ್ತವೆ; ಆದರೆ ಅದು ಒಂದು ದಿನದ ಊಟ. ಉಳಿದ ದಿನಗಳಿಗೆ ಗಿಡಗಳೇ ಬೇಕು.

ಆ ಕೊರತೆಯನ್ನು ತುಂಬಲು ತೀರ ಸುಲಭವಾಗಿ ಕಾಣುವುದು ಲಂಟಾನ. ನೀರು ಕೇಳುವುದಿಲ್ಲ, ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬಣ್ಣಬಣ್ಣದ ಹೂ, ಹೆಚ್ಚುಕಡಿಮೆ ವರ್ಷವಿಡೀ ಕಪ್ಪು ಹಣ್ಣು. ಪಿಕಳಾರಗಳು ಅದರಲ್ಲೇ ಮುಳುಗಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು, ಬೇಲಿಗೆಂದು ತಂದ ಅಮೆರಿಕ ಖಂಡದ ಈ ಗಿಡವನ್ನು ಊರಿಂದ ಕಾಡಿಗೆ ದಾಟಿಸಿದ್ದರಲ್ಲಿ ಹಕ್ಕಿಗಳ ಪಾಲು ದೊಡ್ಡದು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಕೆಳಗೆ ಹುಲ್ಲು ಬೆಳೆಯದೆ ಜಿಂಕೆ, ಕಾಟಿಗಳ ಮೇವು ಹೋಗಿದೆ. ಅದರ ಎಲೆ ತಿಂದ ಕುರಿ, ದನಗಳಿಗೆ ಯಕೃತ್ತಿನ ಕಾಯಿಲೆ ಬರುತ್ತದೆ. ಕುರಿ ಸಾಕಣೆಯನ್ನೇ ನಂಬಿದ ಮನೆಗಳಿರುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಅಮೆರಿಕದ್ದು ಇನ್ನೂ ಕಣ್ತೆರೆಸುವ ಉದಾಹರಣೆ. ಪೂರ್ವ ಏಷ್ಯಾದಿಂದ 1830ರ ಸುಮಾರಿಗೆ ಅಲ್ಲಿಗೆ ಹೋದ ಆಟಮ್ ಆಲಿವ್ ಎಂಬ ಪೊದೆಯನ್ನು, ಕೆಂಪು ಹಣ್ಣು ಹಕ್ಕಿಗಳಿಗೆ ಆಹಾರ, ಬೇರು ಮಣ್ಣಿಗೆ ಆಸರೆ ಎಂದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸರ್ಕಾರಿ ಸಂಸ್ಥೆಗಳೇ ನಿಂತು ನೆಡಿಸಿದವು. ಹಕ್ಕಿಗಳು ಮೆಚ್ಚಿ ತಿಂದವು, ಎಲ್ಲೆಡೆ ಬಿತ್ತಿದವು. ಈಗ ಅಲ್ಲಿನ ಹಲವು ರಾಜ್ಯಗಳು ಅದನ್ನು ಹಾನಿಕಾರಕ ಕಳೆಯೆಂದು ಪಟ್ಟಿ ಮಾಡಿ ಕೀಳಿಸುತ್ತಿವೆ. ನೆಟ್ಟವರ ಉದ್ದೇಶ ಒಳ್ಳೆಯದೇ ಇತ್ತು, ಹಕ್ಕಿಗಳ ಬಗೆಗಿನ ಅವರ ಎಣಿಕೆಯೂ ಸುಳ್ಳಾಗಲಿಲ್ಲ. ಎರಡನೆಯ ಪ್ರಶ್ನೆಗೆ ಮಾತ್ರ ಅಂದು ಸಾಕಷ್ಟು ಗಮನ ಸಿಗಲಿಲ್ಲ.

ಹಾಗಾದರೆ ಏನು ನೆಡಬೇಕು? ಈ ನೆಲದ ಬೇಲಿಗಳಲ್ಲೇ ಉತ್ತರವಿದೆ. ಪರಗಿಯ ಮುಳ್ಳುಬಳ್ಳಿ ಮಳೆಗಾಲ ಮುಗಿದ ಮೇಲೆ ಸಣ್ಣ ಕಪ್ಪು ಹಣ್ಣು ಬಿಡುತ್ತದೆ. ಅದರ ಹಿಂದೆಯೇ ಬಾರಿಹಣ್ಣು. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಸುರಿಯುವಷ್ಟು ಹೇರಳ. ಎರಡೂ ಒಣ ನೆಲದ ಗಿಡಗಳು, ಎರಡರ ಮುಳ್ಳೂ ಗೂಡಿಗೆ ಕಾವಲು. ಇವುಗಳ ಜೊತೆಗೆ ನಾನು ಸೇರಿಸುವ ಹೆಸರು ಶ್ರೀಗಂಧ. ಗಂಧವೆಂದರೆ ನಮಗೆ ಕೊರಡು, ಎಣ್ಣೆ, ಬೆಲೆ. ಅದು ಹಕ್ಕಿಗಳ ಹಣ್ಣಿನ ಮರವೂ ಹೌದೆಂಬುದು ನೆನಪಿಗೆ ಬರುವುದೇ ಕಡಿಮೆ. ಅದು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಹೂಬಿಡುತ್ತದೆ. ಹಸಿರು ಕಾಯಿ ಕೆಂಪಾಗಿ, ಕೊನೆಗೆ ಕಡುನೇರಳೆಯಾಗಿ ಮಾಗುತ್ತದೆ. ಒಂದೇ ಬೀಜದ, ಸುಮಾರು ಒಂದು ಸೆಂಟಿಮೀಟರಿನ ಆ ಹಣ್ಣು ಕೋಗಿಲೆ, ಪಿಕಳಾರಗಳ ಬಾಯಿಗೆ ಸರಿಯಾದ ಗಾತ್ರ. ಗಂಧದ ಬೇರಿಗೆ ನೆರೆಯ ಗಿಡದ ಬೇರಿನಿಂದ ನೀರು, ಸಾರ ಹೀರುವ ಗುಣವಿರುವುದರಿಂದ ಒಂಟಿಯಾಗಿ ನೆಟ್ಟ ಗಂಧ ಸೊರಗುತ್ತದೆ, ಪೊದೆಯ ನಡುವೆ ಹುಟ್ಟಿದ್ದು ಹುಲುಸಾಗುತ್ತದೆ. ಹಕ್ಕಿ ಬೀಜ ಉದುರಿಸುವುದು ಪೊದೆಯ ಬುಡದಲ್ಲಿ. ಆಸರೆ ಗಿಡವೂ ಅಲ್ಲೇ, ಮೇಯುವ ಆಡಿನಿಂದ ಕಾಪಾಡುವ ಮುಳ್ಳೂ ಅಲ್ಲೇ. ಗಂಧಕ್ಕೆ ಹಕ್ಕಿಗಿಂತ ಒಳ್ಳೆಯ ಬಿತ್ತುವವರಿಲ್ಲ. ನೀರು ನಿಲ್ಲುವ ಎರಿಯಲ್ಲಿ ಅದು ಬಾಳದು, ಮಸಾರಿ ನೆಲ, ಗುಡ್ಡದ ಇಳಿಜಾರು ಬೇಕು. 2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಹೊಲದ ಗಂಧ ಹೊಲದವರದೇ. ಕಡಿಯಲು, ಸಾಗಿಸಲು ಮಾತ್ರ ಅನುಮತಿ ಬೇಕು. ಜಾಗ ಉಳ್ಳವರು ಕಾಲುವೆಯ ದಂಡೆ, ಗುಡಿಯ ಬಯಲಿನಂಥಲ್ಲಿ ಅತ್ತಿ, ಬಸರಿ, ಆಲಗಳನ್ನೂ ನೆಡಲಿ. ಈ ಕುಲದ ಒಂದೊಂದು ಜಾತಿಯ ಮರಕ್ಕೂ ತನ್ನದೇ ಕಣಜಹುಳವುಂಟು. ಹುಳದ ಆಯಸ್ಸು ಬಹಳ ಕಡಿಮೆ. ಅದರ ಸಂತತಿ ಉಳಿಯಬೇಕಾದರೆ ಸುತ್ತಮುತ್ತ ಎಲ್ಲೋ ಒಂದು ಮರ ಸದಾ ಕಾಯಿ ಕಟ್ಟುತ್ತಿರಲೇಬೇಕು. ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಆಲ, ಬಸರಿಗಳಲ್ಲಿ ಹಣ್ಣು ಕಾಣುವುದು ಇದರಿಂದಲೇ.

ಪರದೇಶದ್ದೆಂದರೆ ಕೆಟ್ಟದ್ದೇ, ಮೆಣಸಿನಕಾಯಿ, ಪೇರಲ ಕೂಡ ಹೊರಗಿನಿಂದ ಬಂದವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ನನ್ನ ಅಳತೆ ಹುಟ್ಟಿದ ದೇಶವಲ್ಲ, ನಡತೆ. ಹಕ್ಕಿ ಬಿತ್ತಿದ ಮೆಣಸಿನ ಸಸಿ ಹುಲ್ಲುಗಾವಲನ್ನು ನುಂಗುವುದಿಲ್ಲ, ಲಂಟಾನ ನುಂಗುತ್ತದೆ. ಗಸಗಸೆ ಹಣ್ಣಿನ ಮರವೂ ಹೊರಗಿನದೇ. ಪಟ್ಟಣದ ಅಂಗಳದಲ್ಲಿ ಅದು ನೆರಳು, ಹಣ್ಣು ಎರಡನ್ನೂ ಕೊಡುತ್ತದೆ, ಆದರೆ ಗುಡ್ಡದ ಅಂಚಿನಲ್ಲಿ ನಾನದನ್ನು ನೆಡಲು ಹೇಳಲಾರೆ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಇರುವ ಲಂಟಾನವನ್ನು ಕಿತ್ತರೆ ಅದನ್ನೇ ನಂಬಿದ ಹಕ್ಕಿಗಳು ಉಪವಾಸ ಬೀಳುತ್ತವೆ ಎಂಬುದು. ಇದನ್ನು ಒಪ್ಪಲೇಬೇಕು. ಅದಕ್ಕೇ ಒಂದೇ ಸಲ ಬೋಳಿಸಬಾರದು. ಪರಗಿ, ಬಾರಿ, ಕವಳಿ ಫಲಕ್ಕೆ ಬಂದಷ್ಟು ಬಂದಷ್ಟೇ ಲಂಟಾನವನ್ನು ಬುಡಸಮೇತ ತೆಗೆಯುತ್ತ ಹೋಗಬೇಕು. ಇನ್ನು ರೈತರ ಮಾತು. ಹಕ್ಕಿ ಕರೆದರೆ ತೆನೆ ಹೋಗುತ್ತದೆ ಎಂಬ ಅವರ ಅಂಜಿಕೆ ಸುಳ್ಳಲ್ಲ. ಗಿಳಿ, ಕಬ್ಬಕ್ಕಿಗಳು ಹಾಲ್ದೆನೆಗೆ ಬೀಳುವುದನ್ನು ಎಲ್ಲರೂ ಬಲ್ಲರು. ಆದರೆ ಬೇಲಿ ಕಡಿದ ಮಾತ್ರಕ್ಕೆ ಆ ಹಿಂಡುಗಳು ಬಾರದಿರುವುದಿಲ್ಲ, ದೂರದಿಂದಲೇ ಬರುತ್ತವೆ. ಬೇಲಿಯೊಂದಿಗೆ ಹೋಗುವುದು ಅಲ್ಲೇ ವಾಸವಿರುವ ಹಕ್ಕಿಗಳು. ಗೊರವಂಕವಾಗಲಿ ಪಿಕಳಾರವಾಗಲಿ ಹಣ್ಣು ತಿಂದರೂ ಮರಿಗೆ ಕೊಡುವುದು ಬಹುಪಾಲು ಹುಳ. ಕಡಲೆಯ ಕಾಯಿಕೊರಕವನ್ನು ಹೆಕ್ಕಲೆಂದು ಹೊಲದಲ್ಲಿ ಹಕ್ಕಿ ಕೂರಲು ಕವಲುಗೂಟ ನೆಡಿರೆಂದು ಕೃಷಿ ತಜ್ಞರೇ ಹೇಳುತ್ತಾರೆ. ಗಂಧ ಬೆಳೆಸಿದರೆ ಕಳ್ಳರ ಕಾಟ ಎಂಬುದಕ್ಕೆ ನನ್ನಲ್ಲಿ ಪೂರ್ತಿ ಪರಿಹಾರವಿಲ್ಲ. ಹಣ್ಣು ಬಿಡುವುದು ಎಳೆಯ ಮರದಲ್ಲೇ ಆರಂಭವಾಗುತ್ತದೆ, ಕಳ್ಳರ ಕಣ್ಣು ಬೀಳುವುದು ಚೇಗು ಬಲಿತ ಮೇಲೆ ಎಂಬುದಷ್ಟೇ ಸಮಾಧಾನ.

ಟ್ರ್ಯಾಕ್ಟರ್ ತಿರುಗಲು ಜಾಗ ಬೇಕೆಂದು ಬದು ಸಣ್ಣದಾಗುತ್ತಿದೆ, ಮುಳ್ಳುಬೇಲಿಯ ಜಾಗಕ್ಕೆ ತಂತಿ ಬರುತ್ತಿದೆ. ತಂತಿ ಹಾಕುವವರು ಹಾಕಲಿ, ಅದರ ಬುಡದಲ್ಲಿ ಹಕ್ಕಿ ಉದುರಿಸಿದ ಬೇವು, ಬಾರಿ, ಗಂಧದ ಸಸಿ ಎದ್ದರೆ ಕುರ್ಚಿಗಿಯಿಂದ ಸವರದೆ ಬಿಡಲಿ. ಹಿತ್ತಲಿಗೆ ಹೊಸದಾಗಿ ಗಿಡ ತರುವವರು ಅಲಂಕಾರದ ಹೆಸರಿನಲ್ಲಿ ಮಾರುವ ಲಂಟಾನದ ಕುಂಡವನ್ನು ಅಂಗಡಿಯಲ್ಲೇ ಬಿಟ್ಟು, ಮುಂಗಾರಿಗೆ ಮುಂಚೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಬಾರಿ, ಕವಳಿ, ಗಂಧದ ಸಸಿಗಳನ್ನು ಕೇಳಲಿ. ಕೇಳುವವರು ಹೆಚ್ಚಾದರೆ ಬೆಳೆಸುವವರೂ ಹೆಚ್ಚುತ್ತಾರೆ.