ಅಂಗನವಾಡಿಯ ಕತೆಪುಸ್ತಕ ಯಾವ ಭಾಷೆಯಲ್ಲಿದೆ?



ಒಂದನೇ ತರಗತಿಯಲ್ಲಿ ಪುಣ್ಯಕೋಟಿಯ ಕತೆ ಹೇಳುತ್ತಿದ್ದೆ. ಹಸು ಹುಲಿಗೆ ಮಾತು ಕೊಟ್ಟಿತು ಎಂದಾಗ ಹುಡುಗನೊಬ್ಬ ಎದ್ದು ಕೇಳಿದ: "ಟೀಚರೇ, ಮಾತನ್ನು ಕೊಡುವುದು ಹೇಗೆ?"

ಹುಡುಗ ದಡ್ಡನಲ್ಲ. ಅಂಗನವಾಡಿಯಲ್ಲಿ ಅವನು ಕನ್ನಡದ ಕತೆ ಕೇಳಿಲ್ಲ. ಮನೆಯಲ್ಲಿ ಅವನಿಗೆ ಕತೆ ಹೇಳುವುದು ಮೊಬೈಲು, ಅದೂ ಇಂಗ್ಲಿಷಿನಲ್ಲಿ. ಮಾತು ಕೊಡುವುದು, ಮಾತಿಗೆ ತಪ್ಪದಿರುವುದು, ಹಂಚಿ ತಿನ್ನುವುದು: ಈ ನುಡಿಗಳ ಜೊತೆಯಲ್ಲೇ ನೀತಿಯೂ ಮಗುವಿನ ಮನಸ್ಸಿಗೆ ಇಳಿಯುತ್ತದೆ. ನುಡಿ ಇಲ್ಲದೆ ಬರಿಯ ಉಪದೇಶ ನಿಲ್ಲುವುದಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆದರೆ ಅಂಗನವಾಡಿಯ ಮೂರರಿಂದ ಆರು ವರ್ಷದ ಮಕ್ಕಳ ಮಾತು ಅದರಲ್ಲಿಲ್ಲ. ಶಾಲೆಗಾಗಿ ಹೋರಾಡಿದ ನಾವೂ ಆ ಮೂರು ವರ್ಷಗಳನ್ನು ಮರೆತೆವು.

ಇಸ್ರೇಲನ್ನು ನೋಡಿ. ಅಲ್ಲಿನ ಜಗಳ, ರಕ್ತಪಾತ ನಮಗೆ ಗೊತ್ತಿಲ್ಲದ್ದಲ್ಲ. ಆದರೂ 2009ರಲ್ಲಿ ಹೀಬ್ರೂ ಶಿಶುವಿಹಾರಗಳಿಗೆ ಕತೆಪುಸ್ತಕಗಳನ್ನು ಉಚಿತವಾಗಿ ಹಂಚುವ ಯೋಜನೆ ಅಲ್ಲಿ ಶುರುವಾಯಿತು. ಅಲ್ಪಸಂಖ್ಯಾತ ಅರಬ್ಬಿ ಮಕ್ಕಳಿಗೆ ಅದೇ ಹೀಬ್ರೂ ಪುಸ್ತಕ ಸಾಕು ಎನ್ನಲಿಲ್ಲ. 2014ರಲ್ಲಿ ಅವರಿಗಾಗಿ ಅರಬ್ಬಿಯಲ್ಲೇ ಬೇರೆ ಯೋಜನೆ ಬಂತು. ಟೀಚರು ತರಗತಿಯಲ್ಲಿ ಕತೆ ಓದುತ್ತಾರೆ, ಮಗು ಪುಸ್ತಕವನ್ನು ಮನೆಗೆ ಒಯ್ಯುತ್ತದೆ, ಹೆತ್ತವರು ಮತ್ತೆ ಓದುತ್ತಾರೆ. ಸ್ನೇಹ, ಕರುಣೆ, ಹಿರಿಯರ ಗೌರವ ಮಗುವಿಗೆ ತನ್ನ ಭಾಷೆಯಲ್ಲೇ ಸಿಗುತ್ತದೆ. ಅಷ್ಟು ವೈರವಿರುವಲ್ಲಿ ಸಾಧ್ಯವಾದದ್ದು ನೆರೆಹೊರೆಯವರಾಗಿ ಬಾಳುವ ನಮ್ಮಲ್ಲಿ ಏಕೆ ಆಗಬಾರದು?

"ಹಾಗಾದರೆ ಮಲಯಾಳ ಬೇಡವೇ?" ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಕನ್ನಡದ ಬದಲಿಗೆ ಬೇಡ, ಅಷ್ಟೆ. "ನಮ್ಮ ಮನೆಮಾತು ತುಳುವಲ್ಲವೇ?" ಎನ್ನುವವರಿಗೂ ಹೇಳುತ್ತೇನೆ: ಅಜ್ಜಿಯ ತುಳು ಕತೆಯೂ ಬೇಕು. ತುಳು, ಕೊಂಕಣಿ, ಮರಾಠಿ ಮನೆಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿದ್ದು ಕನ್ನಡ ಶಾಲೆಯೇ ತಾನೆ?

ನಮಗೇನು ಪುಸ್ತಕಗಳಿಗೆ ಬರವೇ? ಬಂಟ್ವಾಳದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಕತೆ, ಪದ್ಯ ಬರೆದರು. ನಮ್ಮದೇ ಜಿಲ್ಲೆಯ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿದ್ದು ಮಕ್ಕಳಿಗಾಗಿಯೂ ಬರೆದರು. ಅವರ ಹೆಸರು ಭಾಷಣದಲ್ಲಿ ಉಂಟು, ನಮ್ಮ ಮಗುವಿನ ಚೀಲದಲ್ಲಿ ಇಲ್ಲ!

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಅಂಗನವಾಡಿಗೆ ಕನ್ನಡ ಬಲ್ಲ ಟೀಚರು ಎಲ್ಲಿ? ಕನ್ನಡದ ಚಿತ್ರಪುಸ್ತಕ ಎಲ್ಲಿ? ಉತ್ತರ ಬರುವ ತನಕ ಕಾಯಬೇಡಿ. ಇಂದು ರಾತ್ರಿ ಊಟವಾದ ಮೇಲೆ ಮೊಬೈಲು ಬದಿಗಿಟ್ಟು ಒಂದು ಕತೆ ಹೇಳಿ. ಸರಕಾರ ಕೊಡಬೇಕಾದ್ದನ್ನು ಕೇಳುವ ಹಕ್ಕು ನಮಗಿದೆ. ಮನೆಯಲ್ಲಿ ನಾವು ಕೊಡಬೇಕಾದ್ದನ್ನು ಯಾರಲ್ಲಿ ಕೇಳೋಣ?